ಹೊಸ ಲೆಗೋ ಗೊಂಬೆಗಳು ಸೂಪರ್. ಆದರೆ ಅವು ಇರೋಕೆ ಊರೇ ಇಲ್ಲವಲ್ಲ?

ಹಳೇಕೋಟೆ
ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಹೊಟ್ಟೆಯಲ್ಲಿ ಇಟ್ಟುಕೊಂಡ ವಿಷಯ. ಸ್ವಲ್ಪ ಉದ್ದ ಆಗುತ್ತದೆ, ಬೈಯಬೇಡಿ.

ಲೆಗೋ ಮಿನಿಫಿಗ್‌ಗಳು, ಅಂದರೆ ಬ್ರಿಕ್ ಸೆಟ್ ಜೊತೆ ಬರುವ ಪುಟ್ಟ ಗೊಂಬೆಗಳು, ಇಷ್ಟು ಚೆನ್ನಾಗಿ ಯಾವತ್ತೂ ಇರಲಿಲ್ಲ. ತೋಳಿನ ಮೇಲೆ ಪ್ರಿಂಟ್, ಕಾಲಿನ ಪಕ್ಕದಲ್ಲೂ ಪ್ರಿಂಟ್, ಒಂದೇ ಕಾಲಿನಲ್ಲಿ ಎರಡು ಬಣ್ಣದ ಪ್ಲಾಸ್ಟಿಕ್. ಬಿಡಿ ಗೊಂಬೆಗಳಾಗಿ ಮಾರುವ ಸಾಲಿನಲ್ಲಿ 2024ರ ಸೀರೀಸ್ 26 ಪೂರ್ತಿ ಅಂತರಿಕ್ಷದ್ದೇ. ಹಳೆಯ ಅಂತರಿಕ್ಷ ತಂಡಗಳಾದ ಐಸ್ ಪ್ಲಾನೆಟ್, ಎಂ-ಟ್ರಾನ್, ಬ್ಲ್ಯಾಕ್‌ಟ್ರಾನ್ ಎಲ್ಲ ಹೊಸ ಬಟ್ಟೆ ಹಾಕಿಕೊಂಡು ವಾಪಸ್ ಬಂದವು. ಮರುವರ್ಷ ಸೀರೀಸ್ 27ರಲ್ಲಿ ವುಲ್ಫ್‌ಪ್ಯಾಕ್‌ನವನು ಬಂದ. 1992ರಲ್ಲಿ ಕ್ಯಾಸಲ್ ಥೀಮಿನಲ್ಲಿ (ಕೋಟೆ, ಸೈನಿಕರ ಸಾಲು) ಇದ್ದ ಆ ಕಳ್ಳರ ಗುಂಪು ನೆನಪಿದೆಯಾ? ಅದೇ ತೋಳದ ಗುರುತು.

ಸರಿ, ಇವನನ್ನು ಮನೆಗೆ ತಂದು ಎಲ್ಲಿ ನಿಲ್ಲಿಸಲಿ? ಕೋಟೆ ಬೇಕೆಂದರೆ 2022ರ ಲಯನ್ ನೈಟ್ಸ್ ಕ್ಯಾಸಲ್, 4514 ಪೀಸ್. ಊರು ಬೇಕೆಂದರೆ 2024ರ ಮೆಡೀವಲ್ ಟೌನ್ ಸ್ಕ್ವೇರ್, 3304 ಪೀಸ್. ಎರಡರ ಡಬ್ಬದ ಮೇಲೂ 18+ ಎಂದು ಬರೆದಿದೆ. ಅಂದರೆ ಕೋಟೆ, ಹಡಗು, ರಾಕೆಟ್ ಈಗ ನಮ್ಮಂಥ ಬೋಳುತಲೆಯವರ ಸ್ವತ್ತು. ಮಕ್ಕಳ ಕಪಾಟು ನೋಡಿದರೆ ಸ್ಟಾರ್ ವಾರ್ಸ್, ಮಾರ್ವೆಲ್, ಹ್ಯಾರಿ ಪಾಟರ್, ಎಫ್1, ಒನ್ ಪೀಸ್. ಎಲ್ಲ ಬೇರೆಯವರ ಕಥೆ. 2026ರ ಫೆಬ್ರವರಿಯಲ್ಲಿ ಪೋಕೆಮಾನ್ ಬಂತು. ಪಿಕಾಚು ಬ್ರಿಕ್ಕಿನಲ್ಲಿ ಕಟ್ಟಿದ ಶೋಪೀಸ್, ಟ್ರೇನರ್ ಆಗಿ ಒಂದು ಮಿನಿಫಿಗ್ ಕೂಡ ಇಲ್ಲ!

ನನ್ನ ವಾದ ಇಷ್ಟೇ. ಲೆಗೋದ ಸ್ವಂತ ಲೋಕಗಳು ಸಣ್ಣ, ಅಗ್ಗದ ಸೆಟ್‌ಗಳಾಗಿ ಮಕ್ಕಳಿಗೆ ವಾಪಸ್ ಬರಬೇಕು. ನೀವೇನಂತೀರಿ?

ಸ್ಟಡ್_ಸುಬ್ಬ
ಗೊಂಬೆಗಳ ಬಗ್ಗೆ ಹೇಳಿದ್ದು ಒಪ್ಪಿದೆ. ಆದರೆ ಕೋಟೆ ಮಕ್ಕಳಿಗೆ ಸಿಗಲೇ ಇಲ್ಲ ಅನ್ನುವುದು ಸುಳ್ಳು. 2021ರಲ್ಲಿ ಕ್ರಿಯೇಟರ್ ತ್ರೀ-ಇನ್-ಒನ್‌ನಲ್ಲಿ 31120 ನಂಬರಿನ ಮೆಡೀವಲ್ ಕ್ಯಾಸಲ್ ಬಂತು. ಹಿಂದಿನ ವರ್ಷ ಅದೇ ಸಾಲಿನಲ್ಲಿ ಕಡಲ್ಗಳ್ಳರ ಹಡಗೂ ಬಂದಿತ್ತು. ಒಂದೇ ಡಬ್ಬದಲ್ಲಿ ಮೂರು ಮಾಡೆಲ್. 18+ ಅಲ್ಲ.

ಹಳೇಕೋಟೆ
ಸುಬ್ಬಣ್ಣ, ಅದು ಒಂದೇ ಒಂದು ಡಬ್ಬ. ಒಂದು ಡಬ್ಬ ಥೀಮ್ ಆಗುವುದಿಲ್ಲ. ಎದುರಾಳಿ ಬೇಡವಾ? ಅವನ ಗಾಡಿ, ಅವನ ಅಡಗುತಾಣ? 1980ರ ದಶಕದಲ್ಲಿ ಬ್ಲ್ಯಾಕ್ ಫಾಲ್ಕನ್ಸ್, ಫಾರೆಸ್ಟ್‌ಮೆನ್, ಲಯನ್ಸ್ ಅನ್ನುವ ಕ್ಯಾಸಲ್ ಗುಂಪುಗಳಿಗೆಲ್ಲ ಸಣ್ಣ ಸಣ್ಣ ಸೆಟ್‌ಗಳಿದ್ದವು. ಒಬ್ಬ ಸೈನಿಕ, ಒಂದು ಕುದುರೆ, ಒಂದು ಕವಣೆ ಯಂತ್ರ. ಅಷ್ಟು ಸಾಕಿತ್ತು.

ಟೆಕ್ನಿಕ್_ತಮ್ಮಯ್ಯ
ಗೊಂಬೆ ಇಲ್ಲದ ಸೆಟ್ಟೇ ಒಳ್ಳೆಯ ಸೆಟ್. ಗೇರ್ ಬಾಕ್ಸ್ ಕಟ್ಟಿ ನೋಡಿ, ಆಮೇಲೆ ಮಾತಾಡೋಣ.

ಮಲ್ಲೇಶ್ವರಂ_ಮಾಮ
ಬಂದ ನೋಡಪ್ಪ. ಯಾವ ವಿಷಯ ತೆಗೆದರೂ ಗೇರ್ ಬಾಕ್ಸ್ ಹಿಡಿದುಕೊಂಡು ಬರುತ್ತಾನೆ.

ನಿಂಜಾ_ನಾಗ
ಹಳೇಕೋಟೆ ಅಣ್ಣಾ, ಬೇಜಾರು ಮಾಡ್ಕೋಬೇಡಿ. ಸ್ವಂತ ಲೋಕ ಇಲ್ಲ ಅಂದಿರಲ್ಲ, ನಿಂಜಾ ಯೋಧರ ಥೀಮ್ ನಿಂಜಾಗೋ ಏನು? 2011ರಿಂದ ನಡೆಯುತ್ತಿದೆ. ಲೆಗೋದ್ದೇ ಸ್ವಂತ ಕಥೆ. ಕೆಲವೇ ವರ್ಷಕ್ಕೆ ಮುಗಿಸಿ ಆ ಜಾಗಕ್ಕೆ ಚೀಮಾ ಎಂಬ ಹೊಸ ಥೀಮ್ ತರುವ ಯೋಚನೆ ಇತ್ತು. ಮಕ್ಕಳು ಬಿಡಲಿಲ್ಲ. ಚೀಮಾ ಹೋಯಿತು, ನಿಂಜಾಗೋ ಉಳಿಯಿತು. ಸಣ್ಣ ಮೆಕ್ (ಒಳಗೆ ಕೂತು ಓಡಿಸುವ ರೋಬೋ), ಸಣ್ಣ ಬೈಕ್ ಸೆಟ್‌ಗಳು ಪ್ರತಿ ವರ್ಷ ಬರುತ್ತವೆ. 2020ರಲ್ಲಿ ಮಂಕಿ ಕಿಡ್ ಬಂತು. 2023ರಲ್ಲಿ ಡ್ರೀಮ್ಜ್ ಬಂತು. ಡ್ರೀಮ್ಜ್‌ನ ದುಃಸ್ವಪ್ನದ ಪಾತ್ರಗಳನ್ನು ಒಮ್ಮೆ ನೋಡಿ, ಅಂಥ ವಿಚಿತ್ರ ಗೊಂಬೆ ಹಳೆಯ ಕ್ಯಾಸಲ್‌ನಲ್ಲಿ ಎಲ್ಲಿತ್ತು?

ನಿಮಗೆ ಬೇಕಿರುವುದು ಸ್ವಂತ ಲೋಕ ಅಲ್ಲ. ನಿಮ್ಮ ಬಾಲ್ಯದ ಲೋಕ. ಅದಕ್ಕೇ 18+ ಡಬ್ಬ ಮಾಡಿ ನಿಮಗೇ ಮಾರುತ್ತಿದ್ದಾರೆ.

ಮಲ್ಲೇಶ್ವರಂ_ಮಾಮ
ಹೊಡೆದ ನೋಡು ಸಿಕ್ಸರ್.

ಹಳೇಕೋಟೆ
ನಾಗ, ನಿಂಜಾಗೋ ಬಗ್ಗೆ ನನಗೆ ದ್ವೇಷ ಇಲ್ಲ. ಅದರ ಗೊಂಬೆಗಳೂ ಚೆಂದ. ಆದರೆ ಒಂದು ವ್ಯತ್ಯಾಸ ಇದೆ. ನಿಂಜಾಗೋ ಡಬ್ಬದೊಳಗಿನ ಪ್ರತಿ ಗೊಂಬೆಗೂ ಹೆಸರಿದೆ, ಸ್ವಭಾವ ಇದೆ, ಟಿವಿಯಲ್ಲಿ ಕಥೆ ಮೊದಲೇ ನಡೆದುಹೋಗಿದೆ. ಕೆಂಪು ಬಟ್ಟೆಯವನ ಹೆಸರು ‘ಕೈ’, ಅವನಿಗೆ ಬೆಂಕಿಯ ಶಕ್ತಿ. ಮುಗಿಯಿತು. ಹಳೆಯ ಸೈನಿಕನಿಗೆ ಹೆಸರೇ ಇರಲಿಲ್ಲ. ಅವನು ಒಳ್ಳೆಯವನೋ ಕೆಟ್ಟವನೋ ಡಬ್ಬ ಹೇಳುತ್ತಿರಲಿಲ್ಲ.

ಮುಖದ ವಿಷಯವೂ ಇದೇ. 1978ರಲ್ಲಿ ಯೆನ್ಸ್ ನೈಗಾರ್ಡ್ ಕ್ನುಡ್ಸನ್ ಈ ಗೊಂಬೆ ಮಾಡಿದಾಗ ಎರಡು ಚುಕ್ಕಿ ಕಣ್ಣು, ಒಂದು ನಗು, ಅಷ್ಟೇ. ಪೊಲೀಸನಿಗೂ ಅದೇ, ನರ್ಸಿಗೂ ಅದೇ, ಅಂತರಿಕ್ಷದವನಿಗೂ ಅದೇ. ಸಿಟ್ಟೋ ಸಂತೋಷವೋ ಆಡುವ ಮಗು ತುಂಬಿಕೊಳ್ಳಬೇಕಿತ್ತು. ಈಗ ಒಂದೇ ತಲೆಯ ಮುಂದೆ ನಗು, ಹಿಂದೆ ಕೋಪ. ನೋಡೋಕೆ ಚೆನ್ನ. ಆದರೆ ಮಗುವಿಗೆ ಕೆಲಸ ಕಡಿಮೆಯಾಯಿತು.

ಸ್ಟಡ್_ಸುಬ್ಬ
ಆ ಒಂದೇ ನಗು 1989ರಲ್ಲೇ ಮುಗಿಯಿತು ಸ್ವಾಮಿ. ಪೈರೇಟ್ಸ್ ಬಂದಾಗ ಗಡ್ಡ, ಮೀಸೆ, ಕಣ್ಣುಪಟ್ಟಿ, ಕೊಕ್ಕೆ ಕೈ, ಮರದ ಕಾಲು ಎಲ್ಲ ಬಂತು. ನೀವು ಹೊಗಳುವ 1992ರ ವುಲ್ಫ್‌ಪ್ಯಾಕ್‌ನವರ ಮುಖ ನೋಡಿದ್ದೀರಾ? ಪಕ್ಕಾ ಕಳ್ಳರ ಮುಖ. ಎರಡು ಮುಖದ ತಲೆ 2001ರ ಹ್ಯಾರಿ ಪಾಟರ್ ಸೆಟ್‌ನಲ್ಲಿ ಕ್ವಿರೆಲ್ ಪಾತ್ರಕ್ಕೆ ಶುರುವಾಯಿತು. ಕಥೆಯಲ್ಲಿ ಅವನ ತಲೆಯ ಹಿಂದೆ ಇನ್ನೊಂದು ಮುಖ ಇರುವುದರಿಂದ ಅಲ್ಲಿ ಅದು ಬೇಕೇ ಇತ್ತು.

ಎರಡುಪಿಳ್ಳೆ
ಇಲ್ಲಿ ಎಲ್ಲರೂ ಮಕ್ಕಳ ಪರವಾಗಿ ಮಾತಾಡುತ್ತಿದ್ದೀರಿ, ಮಕ್ಕಳ ಜೊತೆ ನೆಲದ ಮೇಲೆ ಕೂರುವವರು ಎಷ್ಟು ಜನ?

ನನ್ನ ಮಗಳಿಗೆ ಯಾವ ಗೊಂಬೆ ಯಾವ ಸಿನಿಮಾದ್ದು ಅನ್ನುವುದೇ ಬೇಡ. ಹರ್ಮಾಯಿನಿಯ ತಲೆ, ಪೊಲೀಸಿನ ಮೈ, ಯಾವುದೋ ರೋಬೋದ ಕಾಲು. ಅವಳ ಹೆಸರು ಗಿರಿಜಕ್ಕ. ಗಿರಿಜಕ್ಕ ಬಜ್ಜಿ ಅಂಗಡಿ ಇಟ್ಟಿದ್ದಾಳೆ. ಡಾರ್ಥ್ ವೇಡರ್ ಗಿರಾಕಿ. ಅವನು ಉದ್ರಿ ಹೇಳಿ ಹೋಗುತ್ತಾನಂತೆ, ದುಡ್ಡು ಕೊಡುವುದಿಲ್ಲವಂತೆ. ಸಿಟ್ಟಿನ ಮುಖ ಇರುವ ಕಡೆ ತಲೆ ತಿರುಗಿಸಿ ಗಿರಿಜಕ್ಕ ಅವನಿಗೆ ಬೈಯುತ್ತಾಳೆ. ಕಥೆ ಮೊದಲೇ ಇದ್ದರೆ ಮಗು ಆಡುವುದಿಲ್ಲ ಅನ್ನುವುದು ದೊಡ್ಡವರ ಚಿಂತೆ.

ನನ್ನ ದೂರು ಬೇರೆ. ಬೆಲೆ.

ನಿಂಜಾ_ನಾಗ
ಉದ್ರಿ ವೇಡರ್ 😂😂

ಮಲ್ಲೇಶ್ವರಂ_ಮಾಮ
ಗಿರಿಜಕ್ಕನ ಅಂಗಡಿಯ ಸೆಟ್ ಬಂದರೆ ಮೊದಲ ಗಿರಾಕಿ ನಾನೇ. ಮೆಣಸಿನಕಾಯಿ ಪೀಸ್ ಎರಡು ಜಾಸ್ತಿ ಇರಲಿ.

ಹುಬ್ಳಿ_ಹೈದ
ಬೆಲಿ ಅಂದ್ರಲ್ಲ ಅಕ್ಕಾರ, ಅದಕ್ಕ ಕಾರಣ ಐತ್ರಿ. ಆಟದ ಸಾಮಾನಿನ ಮೇಲೆ ಆಮದು ಸುಂಕ ಮೊದಲು 20 ಪರ್ಸೆಂಟ್ ಇತ್ತು. 2020ರ ಬಜೆಟ್‌ನಲ್ಲಿ 60 ಮಾಡಿದರು. 2023ರಲ್ಲಿ 70. ಅದರ ಮೇಲೆ 2021ರ ಜನವರಿಯಿಂದ ಐಎಸ್‌ಐ ಮಾರ್ಕ್ ಇಲ್ಲದ ಆಟಿಕೆ ಮಾರುವಂತಿಲ್ಲ. ಹೊರಗಿನ ಕಾರ್ಖಾನೆಯೂ ನಮ್ಮ ಬಿಐಎಸ್ ಲೈಸೆನ್ಸ್ ತಗೋಬೇಕು. ಕಳಪೆ ಮಾಲು ತಡೆಯೋಕೆ ಒಳ್ಳೇದೇ, ಇಲ್ಲ ಅನ್ನೋದಿಲ್ಲ. ಆದ್ರ ನಮ್ಮಂಥ ಹುಚ್ಚರಿಗೆ ಬರೆ.

ಮೊದಲ ಸೀರೀಸ್ ಬಂದಾಗ, 2010ರಲ್ಲಿ, ಅಮೆರಿಕದಲ್ಲಿ ಒಂದು ಗೊಂಬೆಗೆ 1.99 ಡಾಲರ್. ಈಗ 4.99. ಅಲ್ಲಿಯೇ ಹಿಂಗ ಏರಿದ ಮೇಲೆ ಇಲ್ಲಿ ಕೇಳಬೇಕಾ?

ಶೆಟ್ರ_ಶೆಲ್ಫ್
ಅದಕ್ಕೇ ನಾನು ಕಾಪಿ ಬ್ರ್ಯಾಂಡ್ ತೆಗೆದುಕೊಳ್ಳುವುದು. ಲೆಗೋದ ಒಂದು ಸಣ್ಣ ಸೆಟ್ಟಿನ ದುಡ್ಡಿಗೆ ದೊಡ್ಡ ಕೋಟೆಯೇ ಬರುತ್ತದೆ. ಬ್ರಿಕ್ ಬ್ರಿಕ್ಕೇ ಅಲ್ವಾ? ಪೇಟೆಂಟ್ ಕೂಡ ಯಾವತ್ತೋ ಮುಗಿದಿದೆ.

ಸ್ಟಡ್_ಸುಬ್ಬ
ಪೇಟೆಂಟ್ ಮುಗಿದಿದೆ, ಆದರೆ ಗೊಂಬೆಯ ಆಕಾರಕ್ಕೆ ಟ್ರೇಡ್‌ಮಾರ್ಕ್ ಇದೆ. ಇದು ತಿಳಿದುಕೊಳ್ಳಬೇಕಾದ ವಿಷಯ ಶೆಟ್ರೇ. ಬ್ರಿಕ್ಕಿನ ಆಕಾರವನ್ನೇ ಟ್ರೇಡ್‌ಮಾರ್ಕ್ ಮಾಡಿಕೊಳ್ಳಲು ಲೆಗೋ ಹೋಯಿತು. 2010ರಲ್ಲಿ ಯುರೋಪಿನ ಕೋರ್ಟ್ ಆಗುವುದಿಲ್ಲ ಅಂದಿತು. ಆ ಆಕಾರ ಜೋಡಣೆಯ ಕೆಲಸಕ್ಕೆ ಬೇಕೇ ಬೇಕು, ಒಬ್ಬರ ಸ್ವತ್ತಾಗಿ ಕೊಡಲಾಗದು ಅನ್ನುವ ಕಾರಣಕ್ಕೆ. ಆದರೆ 2015ರಲ್ಲಿ ಮಿನಿಫಿಗ್‌ನ ಆಕಾರದ ಮೇಲೆ ಬೇರೆ ಕಂಪನಿ ಹಾಕಿದ ಕೇಸ್ ಬಿದ್ದುಹೋಯಿತು. ಗೊಂಬೆಯ ಆಕಾರ ಲೆಗೋದ್ದೇ ಎಂದು ಉಳಿಯಿತು. ಅದಕ್ಕೇ ಮರ್ಯಾದಸ್ತ ಬೇರೆ ಬ್ರ್ಯಾಂಡ್‌ಗಳ ಬ್ರಿಕ್ ಲೆಗೋಗೆ ಕೂರುತ್ತದೆ, ಗೊಂಬೆ ಮಾತ್ರ ಬೇರೆ ಥರ ಕಾಣುತ್ತದೆ.

ಎರಡುಪಿಳ್ಳೆ
ನಾನೊಂದು ಆನ್‌ಲೈನ್ ಅಂಗಡಿಯಲ್ಲಿ ಒರಿಜಿನಲ್ ಅಂತ ನಂಬಿ ತರಿಸಿದ್ದೆ. ಬಂದಿದ್ದು ನಕಲಿ. ಗೊಂಬೆಯ ಕೈಗೆ ಸಿಕ್ಕಿಸಿದರೆ ಕತ್ತಿ ನಿಲ್ಲುವುದಿಲ್ಲ, ಬಣ್ಣ ಉಗುರಿಗೆ ಬರುತ್ತದೆ. ಮೊದಲೇ ಗುರುತಿಸುವುದು ಹೇಗೆ?

ಸ್ಟಡ್_ಸುಬ್ಬ
ತಲೆ ತೆಗೆದು ಕುತ್ತಿಗೆಯ ಸ್ಟಡ್ (ತಲೆ ಕೂರುವ ಗುಂಡನೆಯ ಉಬ್ಬು) ನೋಡಿ ಅಕ್ಕ. ಒರಿಜಿನಲ್‌ನಲ್ಲಿ ಅಷ್ಟು ಸಣ್ಣ ಜಾಗದಲ್ಲೂ ಲೆಗೋ ಹೆಸರಿನ ಅಚ್ಚು ಇರುತ್ತದೆ. ಕೊಳ್ಳುವ ಮೊದಲು ಆ ಫೋಟೋ ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ ಬಿಟ್ಟುಬಿಡಿ.

ಬಿಲ್ಲುಂಡ್_ಹತ್ತಿರ
ಡೆನ್ಮಾರ್ಕ್‌ನಿಂದ ನಮಸ್ಕಾರ. ನಮ್ಮ ಮನೆಯಿಂದ ಲೆಗೋದ ಊರು ಬಿಲ್ಲುಂಡ್ ಕಾರಿನಲ್ಲಿ ದೂರವಲ್ಲ. ನೆಂಟರು ಬಂದಾಗೆಲ್ಲ ಲೆಗೋ ಹೌಸ್‌ಗೆ ಕರೆದುಕೊಂಡು ಹೋಗುವುದು ನನ್ನ ಪಾಲಿನ ಕೆಲಸ. 2017ರಲ್ಲಿ ತೆರೆದದ್ದು. ಮಧ್ಯದಲ್ಲಿ ಹದಿನೈದು ಮೀಟರಿಗೂ ಎತ್ತರದ ಬ್ರಿಕ್ ಮರ ಇದೆ, 63 ಲಕ್ಷಕ್ಕೂ ಹೆಚ್ಚು ಬ್ರಿಕ್. ನೆಲಮಾಳಿಗೆಯಲ್ಲಿ ಹಳೆಯ ಸೆಟ್‌ಗಳನ್ನು ಸಾಲಾಗಿ ಇಟ್ಟಿದ್ದಾರೆ. ಅಲ್ಲಿ ನಿಂತು ಅಳುವ ಗಂಡಸರನ್ನು ನೋಡಿದ್ದೇನೆ. ನಮ್ಮ ಯಜಮಾನರೂ ಅದರಲ್ಲಿ ಒಬ್ಬರು.

ಹಳೇಕೋಟೆಯವರ ಮಾತಿಗೆ ಬರುತ್ತೇನೆ. ಇಲ್ಲಿಯ ಅಂಗಡಿಯಲ್ಲೂ ಅದೇ ಚಿತ್ರ. ಮಕ್ಕಳ ಸಾಲಿನಲ್ಲಿ ಸಿಟಿ, ನಿಂಜಾಗೋ, ಫ್ರೆಂಡ್ಸ್ ಗಟ್ಟಿಯಾಗಿವೆ. ಕ್ಯಾಸಲ್ ಇಲ್ಲ. ಆದರೆ ಸಿಟಿಯನ್ನು ಯಾಕೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ? ಹೆಸರಿಲ್ಲದ ಗೊಂಬೆ ಬೇಕಾದರೆ ಅಲ್ಲಿ ಧಾರಾಳವಾಗಿ ಸಿಗುತ್ತವೆ. ಗಾಲಿಕುರ್ಚಿಯ ಹುಡುಗ 2016ರಲ್ಲಿ ಬಂದ. ಕಿವಿಯ ಮೆಷಿನ್ ಪ್ರಿಂಟ್ ಆಗಿರುವ ಮುಖಗಳು ಬಂದವು. 1978ರ ನಗುವಿನಲ್ಲಿ ಎಲ್ಲರೂ ಇದ್ದರು ಅನ್ನುತ್ತೀರಿ. ನನ್ನ ಅಣ್ಣನ ಮಗ ಕಿವಿಗೆ ಮೆಷಿನ್ ಹಾಕುತ್ತಾನೆ. ಆ ಗೊಂಬೆ ಸಿಕ್ಕ ದಿನ ಅವನು ಮಾಡಿದ ಗಲಾಟೆ ನೋಡಬೇಕಿತ್ತು.

ಹಳೇಕೋಟೆ
ಅದು ನಿಜವಾಗಿಯೂ ಒಳ್ಳೆಯ ಮಾತು ಮೇಡಂ. ಆ ಬದಲಾವಣೆಗೆ ನನ್ನ ತಕರಾರು ಇಲ್ಲ. ನನ್ನ ತಕರಾರು ಪ್ರತಿ ಮುಖವೂ ಒಬ್ಬ ನಟನ ಮುಖ ಆಗುವುದರ ಬಗ್ಗೆ. ಒನ್ ಪೀಸ್ ಸೆಟ್‌ಗಳನ್ನೇ ನೋಡಿ. ಜಪಾನಿ ಕಾಮಿಕ್ಸ್ (ಮಂಗಾ) ನಾಯಕ ಲೂಫಿ ಅಲ್ಲ, ನೆಟ್‌ಫ್ಲಿಕ್ಸ್ ಸರಣಿಯಲ್ಲಿ ನಟಿಸಿದ ಹುಡುಗನ ಲೂಫಿ.

ನಿಂಜಾ_ನಾಗ
ಅದಕ್ಕೆ ಮಾತ್ರ ನನ್ನ ಓಟು ನಿಮಗೆ. ಅಷ್ಟು ಚೆಂದದ ಕಡಲ್ಗಳ್ಳರ ಲೋಕ, ಮಂಗಾ ಶೈಲಿಯಲ್ಲಿ ಮಾಡಿದ್ದರೆ ಹೇಗಿರುತ್ತಿತ್ತು!

ಶೆಟ್ರ_ಶೆಲ್ಫ್
ಎಫ್1 ಕಥೆ ಇನ್ನೂ ತಮಾಷೆ. 2025ರಲ್ಲಿ ಹತ್ತೂ ತಂಡದ ಕಾರು ಬಂತು. ಹೆಲ್ಮೆಟ್ ಚೆಂದ, ಸೂಟ್ ಚೆಂದ. ಒಳಗಿರುವವನು ಯಾರು? ಯಾರೂ ಅಲ್ಲ. ಡ್ರೈವರ್ ಹೆಸರೇ ಇಲ್ಲ.

ಮಲ್ಲೇಶ್ವರಂ_ಮಾಮ
ಹಳೇಕೋಟೆಗೆ ಬೇಕಾದ್ದು ಸಿಕ್ಕಿತಲ್ಲ. ಹೆಸರಿಲ್ಲದ ಗೊಂಬೆ, ಮಗುವೇ ಹೆಸರಿಡಲಿ.

ಟೆಕ್ನಿಕ್_ತಮ್ಮಯ್ಯ
ಎಫ್1 ಅಂದರೆ ನಾನು ಬರಲೇಬೇಕು. ಅದೇ ವರ್ಷ ಮಯಾಮಿ ರೇಸಿಗೆ ಮೊದಲು ನಿಜವಾದ ಡ್ರೈವರ್‌ಗಳೇ ಲೆಗೋದಲ್ಲಿ ಕಟ್ಟಿದ ಪೂರ್ಣ ಅಳತೆಯ ಕಾರುಗಳನ್ನು ಟ್ರ್ಯಾಕ್ ಮೇಲೆ ಓಡಿಸಿದರು. ಒಬ್ಬರನ್ನೊಬ್ಬರು ಗುದ್ದಿಕೊಂಡು ಬ್ರಿಕ್ ಚೆಲ್ಲಾಡಿದರು. ಲೆಗೋ ಅಂದರೆ ಅದು.

ಎರಡುಪಿಳ್ಳೆ
ಫ್ರೆಂಡ್ಸ್ ಸಾಲಿನಲ್ಲಿ ಮಿನಿಫಿಗ್ ಬದಲು ಬರುವ ಮಿನಿ ಡಾಲ್ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ಗಂಡಸರ ಸಭೆ ಅಂತ ಗೊತ್ತಾಯಿತು.

ಸ್ಟಡ್_ಸುಬ್ಬ
ಬಿಡಬೇಕಾ? ಬಿಡುತ್ತೇನೆ. ಮಿನಿ ಡಾಲ್‌ನ ಮುಂಗೈ ತಿರುಗುವುದಿಲ್ಲ. ಎರಡು ಕಾಲೂ ಒಟ್ಟಿಗೇ ಮಡಚುತ್ತವೆ. ನಡೆಯುವ ಹಾಗೆ ನಿಲ್ಲಿಸಲು ಬರುವುದಿಲ್ಲ. 2012ರಲ್ಲಿ ಬಂದಾಗಿನಿಂದ ನನ್ನ ಜಗಳ ಇದೇ. ಹೆಣ್ಣುಮಕ್ಕಳಿಗೆ ಅಂತ ಮಾಡಿ ಕಡಿಮೆ ಅಲುಗಾಡುವ ಗೊಂಬೆ ಯಾಕೆ ಕೊಟ್ಟರು?

ಎರಡುಪಿಳ್ಳೆ
ಈ ಒಂದು ಸಲ ನಿಮ್ಮ ಜೊತೆ ಇದ್ದೇನೆ ಸುಬ್ಬಣ್ಣ. ಆದರೆ 2023ರಲ್ಲಿ ಬಂದ ಹೊಸ ಪಾತ್ರಗಳು ಚೆನ್ನಾಗಿವೆ. ಆಟಮ್ ಎಂಬ ಹುಡುಗಿಗೆ ಒಂದು ಮುಂಗೈ ಇಲ್ಲ, ಅವಳೇ ಕುದುರೆ ಸವಾರಿ ಮಾಡುತ್ತಾಳೆ. ಅದೂ ಅಲ್ಲದೆ ಫ್ರೆಂಡ್ಸ್ ಸೆಟ್‌ನಲ್ಲಿ ಬರುವ ಸಣ್ಣ ಸಾಮಾನು, ಕಪ್ಪು, ಬಸಿ, ನಾಯಿಮರಿ, ಆ ಬಣ್ಣಗಳು! ಗಿರಿಜಕ್ಕನ ಅಂಗಡಿಯ ಅರ್ಧ ಸರಕು ಅಲ್ಲಿಂದಲೇ.

ಹುಬ್ಳಿ_ಹೈದ
ಸ್ಮಾರ್ಟ್ ಬ್ರಿಕ್ ಬಗ್ಗೆ ಏನಂತೀರಿ? 2026ರ ಮಾರ್ಚ್‌ನಲ್ಲಿ ಸ್ಟಾರ್ ವಾರ್ಸ್ ಜೊತೆ ಬಂತಲ್ಲ. 2x4 ಬ್ರಿಕ್ಕಿನೊಳಗೆ ಸೆನ್ಸರ್, ಸ್ಪೀಕರ್, ಲೈಟ್. ಗೊಂಬೆ ಹತ್ತಿರ ತಂದರೆ ಯಾರು ಬಂದರು ಅಂತ ಗೊತ್ತಾಗಿ ಸದ್ದು ಮಾಡುತ್ತದಂತೆ.

ಹಳೇಕೋಟೆ
ಮುಖಕ್ಕೆ ಭಾವ ಕೊಟ್ಟಾಯಿತು, ಕಥೆ ಕೊಟ್ಟಾಯಿತು, ಈಗ ಬಾಯಿಂದ ಮಾಡುವ ಡಿಶ್ಯುಂ ಡಿಶ್ಯುಂ ಕೂಡ ಕಿತ್ತುಕೊಂಡರು.

ನಿಂಜಾ_ನಾಗ
ಸ್ಕ್ರೀನ್ ಇಲ್ಲ ಅಣ್ಣಾ, ಆಡುವಾಗ ಫೋನ್ ಬೇಡ. ಅದು ದೊಡ್ಡ ವಿಷಯ. ನನ್ನ ತಂಗಿ ಕೈಯಿಂದ ಟ್ಯಾಬ್ ಬಿಡಿಸುವ ಯಾವ ಬ್ರಿಕ್ಕಾದರೂ ನನಗೆ ಸರಿ.

ಟೆಕ್ನಿಕ್_ತಮ್ಮಯ್ಯ
ಒಳಗಿನ ಬ್ಯಾಟರಿ ಹತ್ತು ವರ್ಷ ಬಿಟ್ಟು ಸತ್ತರೆ? 1958ರ ಬ್ರಿಕ್ ಇವತ್ತಿನ ಬ್ರಿಕ್ಕಿಗೆ ಕೂರುತ್ತದೆ. ಇದು 2058ರಲ್ಲಿ ಏನಾಗಿರುತ್ತದೆ?

ಮಲ್ಲೇಶ್ವರಂ_ಮಾಮ
ಮೊದಲ ಸಲ ತಮ್ಮಯ್ಯ ಗೇರ್ ಬಾಕ್ಸ್ ಬಿಟ್ಟು ಮಾತಾಡಿದ. ಯಾರಾದರೂ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ.

ಇರಲಿ, ನನ್ನದೊಂದು ಪ್ರಶ್ನೆ. ಚೀನೀ ಹೊಸ ವರ್ಷಕ್ಕೆ 2019ರಿಂದ ಸೆಟ್ ಮಾಡುತ್ತಾರೆ. ಡ್ರ್ಯಾಗನ್ ಕುಣಿತ, ಊಟದ ಪಂಕ್ತಿ, ಅಜ್ಜ ಅಜ್ಜಿ ಎಲ್ಲ ಇದ್ದಾರೆ. ನಮಗೆ ಕೊಟ್ಟಿದ್ದು ಬರೀ ತಾಜ್ ಮಹಲ್. 2008ರಲ್ಲಿ ಒಮ್ಮೆ, 2017ರಲ್ಲಿ ಅದನ್ನೇ ಇನ್ನೊಮ್ಮೆ, 2021ರಲ್ಲಿ ಚಿಕ್ಕದು ಮಾಡಿ ಮತ್ತೊಮ್ಮೆ. ಒಳಗೆ ಒಬ್ಬ ಮನುಷ್ಯ ಇಲ್ಲ.

ಸ್ಟಡ್_ಸುಬ್ಬ
ಮನುಷ್ಯರು ಇದ್ದರು ಮಾಮ, ನೀವು ಮರೆತಿದ್ದೀರಿ. 2003ರ ಓರಿಯಂಟ್ ಎಕ್ಸ್‌ಪೆಡಿಷನ್. ಅದರ ಸಾಹಸಿ ನಾಯಕ ಜಾನಿ ಥಂಡರ್ ಇಂಡಿಯಾಕ್ಕೆ ಬರುತ್ತಾನೆ. ಇಲ್ಲಿ ಅವನಿಗೆ ಸಿಗುವ ರಾಜನ ಹೆಸರು ಮಹಾರಾಜ ಲಲ್ಲು. ಜೊತೆಗೆ ಬಬ್ಲೂ. 7414 ನಂಬರಿನ ಸೆಟ್ಟಿನಲ್ಲಿ ಆನೆಯೂ ಇತ್ತು.

ನಿಂಜಾ_ನಾಗ
ಮಹಾರಾಜ ಲಲ್ಲು ಅಂತೆ. ಆಫೀಸಿನಲ್ಲಿ ಕೂತು ನಗು ತಡೆಯೋಕೆ ಆಗುತ್ತಿಲ್ಲ.

ಬಿಲ್ಲುಂಡ್_ಹತ್ತಿರ
ಪೇಟ ಮಾತ್ರ ಬಹಳ ಚೆನ್ನಾಗಿದೆ, ಅದನ್ನು ಒಪ್ಪಲೇಬೇಕು. ನಾನು ಸೆಕೆಂಡ್‌ಹ್ಯಾಂಡ್‌ನಲ್ಲಿ ಲಲ್ಲು ಮಹಾರಾಜರನ್ನು ಹುಡುಕಿ ತಂದೆ. ದಸರೆಗೆ ಇಲ್ಲಿಯೂ ಗೊಂಬೆ ಕೂರಿಸುತ್ತೇವೆ. ಪಟ್ಟದ ಗೊಂಬೆ ಅಮ್ಮ ಕೊಟ್ಟಿದ್ದು, ಮೇಲಿನ ಮೆಟ್ಟಿಲಲ್ಲಿ. ಕೆಳಗಿನ ಮೆಟ್ಟಿಲು ಪೂರ್ತಿ ಮಕ್ಕಳ ಲೆಗೋ. ಕಳೆದ ಸಲ ಜಂಬೂ ಸವಾರಿ ಕಟ್ಟಿದರು. ಆನೆ ಸಿಟಿ ಸಾಲಿನ 2021ರ ವೈಲ್ಡ್‌ಲೈಫ್ ಸೆಟ್ಟಿನದು. ಅಂಬಾರಿಗೆ ಚಿನ್ನದ ಬಣ್ಣದ ಪೀಸ್ ಸಾಲದೆ ಹಳದಿ ಹಾಕಿದೆವು. ಮುಂದೆ ಪೊಲೀಸ್ ಬ್ಯಾಂಡ್ ಆಗಿ ಸ್ಟಾರ್ಮ್‌ಟ್ರೂಪರ್‌ಗಳು.

ಹಳೇಕೋಟೆ
ಇದರ ಫೋಟೋ ಹಾಕದೆ ಹೋಗುವಂತಿಲ್ಲ ಮೇಡಂ.

ಶೆಟ್ರ_ಶೆಲ್ಫ್
ಚನ್ನಪಟ್ಟಣದ ಗೊಂಬೆ ಬಿಟ್ಟು ಪ್ಲಾಸ್ಟಿಕ್ ಕೂರಿಸುತ್ತೀರಾ ಅಂತ ಯಾರೂ ಕೇಳಲಿಲ್ಲವಾ?

ಬಿಲ್ಲುಂಡ್_ಹತ್ತಿರ
ಅವೂ ಇವೆ ಶೆಟ್ರೇ. ಹಾಲೆ ಮರದ್ದು, ಅರಗಿನ ಬಣ್ಣದ್ದು, ಎರಡನೇ ಮೆಟ್ಟಿಲಲ್ಲಿ. ಅಂದಹಾಗೆ ಲೆಗೋ ಕೂಡ 1932ರಲ್ಲಿ ಶುರುವಾಗಿದ್ದು ಬಡಗಿಯ ಅಂಗಡಿಯಲ್ಲೇ. ಓಲೆ ಕಿರ್ಕ್ ಕ್ರಿಸ್ಟಿಯನ್ಸೆನ್ ಮೊದಲು ಮಾಡಿದ್ದು ಮರದ ಆಟಿಕೆ. ಆ ಮರದ ಬಾತುಕೋಳಿ ಈಗಲೂ ಇಲ್ಲಿ ನೋಡಲು ಸಿಗುತ್ತದೆ.

ಹುಬ್ಳಿ_ಹೈದ
ಗುರುಗ್ರಾಮದಾಗ 2025ರಲ್ಲಿ ಲೆಗೋದ ಅಂಗಡಿ ಆತು, ದೇಶದ ಮೊದಲನೇದು. ಯಾರಾದರೂ ಹೋಗಿದ್ದೀರಾ? ಡಬ್ಬ ಕೈಯಲ್ಲಿ ಹಿಡಿದು ನೋಡೋ ಖುಷಿನೇ ಬೇರೆ.

ಸ್ಟಡ್_ಸುಬ್ಬ
ಹೋಗಿದ್ದೆ, ಆಫೀಸ್ ಕೆಲಸದ ನೆಪದಲ್ಲಿ. ಜೇಬಿಗೆ ಒಳ್ಳೆಯ ಜಾಗ ಅಲ್ಲ.

ಡಬ್ಬ ಅಂದಾಗ ನೆನಪಾಯಿತು. ಮಿನಿಫಿಗ್ ಪೊಟ್ಟಣ ಹೋಗಿ 2023ರಿಂದ ಕಾಗದದ ಡಬ್ಬ ಬಂದಿದೆಯಲ್ಲ, ಅದು ಪರಿಸರಕ್ಕೆ ಒಳ್ಳೆಯದಿರಬಹುದು. ಆದರೆ ಮೊದಲು ಪೊಟ್ಟಣ ಒತ್ತಿ ಒತ್ತಿ, ಇದು ಕತ್ತಿ, ಇದು ಟೋಪಿ ಅಂತ ಬೆರಳಲ್ಲೇ ಕಂಡುಹಿಡಿಯುತ್ತಿದ್ದೆವು. ಅಂಗಡಿಯವನು ಗುರಾಯಿಸುತ್ತಿದ್ದ. ಆ ಕಲೆ ಈಗ ದಂಡ.

ನಿಂಜಾ_ನಾಗ
ಡಬ್ಬದ ತಳದಲ್ಲಿ ಸಣ್ಣ ಚೌಕದ ಕೋಡ್ ಇದೆ ಅಣ್ಣಾ. ಫ್ಯಾನ್‌ಗಳು ಮಾಡಿದ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಒಳಗೆ ಯಾರಿದ್ದಾರೆ ಅಂತ ಹೇಳುತ್ತದೆ.

ಸ್ಟಡ್_ಸುಬ್ಬ
ಗೊತ್ತು. ಅದಕ್ಕೇ ಬೇಜಾರು. ಮೊದಲು ಬಂದವನು ಸ್ಕ್ಯಾನ್ ಮಾಡಿ ಒಳ್ಳೆಯದನ್ನೆಲ್ಲ ಬಳಿದುಕೊಂಡು ಹೋಗುತ್ತಾನೆ. ನಮಗೆ ಉಳಿಯುವುದು ವೇಷ ಹಾಕಿದವರು.

ಹಳೇಕೋಟೆ
ವೇಷದ ಗೊಂಬೆ ಬಗ್ಗೆ ಬೇರೆಯೇ ಜಗಳ ಶುರು ಮಾಡಬೇಕು. ಪ್ರಾಣಿ ವೇಷ, ತಿಂಡಿ ವೇಷ, ಹಾರುವ ತಟ್ಟೆಯ ವೇಷ. ಹನ್ನೆರಡರಲ್ಲಿ ಒಂದಿದ್ದರೆ ತಮಾಷೆ, ಜಾಸ್ತಿ ಆದರೆ ಬೇಸರ. ಅಷ್ಟರಲ್ಲಿ ಒಬ್ಬ ರೈತ, ಒಬ್ಬ ಕಮ್ಮಾರ, ಒಂದು ಆಡು ಕೊಡಬಾರದಾ?

ಬಿಲ್ಲುಂಡ್_ಹತ್ತಿರ
ಆಡು ಕೊಟ್ಟಿದ್ದಾರಲ್ಲ! 2011ರ ಮಿಲ್ ವಿಲೇಜ್ ರೇಡ್ ಸೆಟ್‌ನಲ್ಲಿ ಬಂದ ಆಡಿಗೆ ವರ್ಷಗಟ್ಟಲೆ ಚಿನ್ನದ ರೇಟು ಇತ್ತು. 2024ರಲ್ಲಿ ಟೌನ್ ಸ್ಕ್ವೇರ್ ಜೊತೆ ಆಡು ವಾಪಸ್ ಬಂತು. ಹಳೆಯ ಆಡು ಕೂಡಿಟ್ಟವರ ಮುಖ ಆಗ ನೋಡಬೇಕಿತ್ತು.

ಮಲ್ಲೇಶ್ವರಂ_ಮಾಮ
ನನ್ನ ಭಾವಮೈದ ಷೇರು ಬಿಟ್ಟು ಲೆಗೋ ಕೂಡಿಡುತ್ತೇನೆ ಅಂತ ಕುಳಿತಿದ್ದಾನೆ. ಅವನಿಗೆ ಈ ಆಡಿನ ಕಥೆ ಕಳಿಸುತ್ತೇನೆ.

ಎರಡುಪಿಳ್ಳೆ
ಯಾರ ಹತ್ತಿರವಾದರೂ ಸೀರೀಸ್ 26ರ ಸ್ಪೇಸ್ ಬೇಬಿ ಎರಡಿದೆಯಾ? ಗಿರಿಜಕ್ಕನಿಗೆ ಮಗು ಆಗಿದೆಯಂತೆ. ಬದಲಿಗೆ ರೋಬೋ ಬಟ್ಲರ್ ಕೊಡುತ್ತೇನೆ, ಟ್ರೇ ಸಮೇತ.

ನಿಂಜಾ_ನಾಗ
ನನ್ನ ಹತ್ತಿರ ಇದೆ ಅಕ್ಕ. ಬೆಂಗಳೂರಾ?

ಎರಡುಪಿಳ್ಳೆ
ಮೈಸೂರು. ಕೊರಿಯರ್ ಆಗುತ್ತದಾ?

ನಿಂಜಾ_ನಾಗ
ಆಗುತ್ತದೆ. ಟ್ರೇ ಮೇಲೆ ಗೀರು ಇಲ್ಲ ತಾನೆ?

ಎರಡುಪಿಳ್ಳೆ
ಗೀರಿಲ್ಲ. ಒಂದು ಸಲ ಬಜ್ಜಿ ಸಪ್ಲೈ ಆಗಿದೆ ಅಷ್ಟೇ. ಮೆಸೇಜ್ ಮಾಡಿ, ವಿಳಾಸ ಕೊಡುತ್ತೇನೆ.